ವೈದ್ಯನು ವೇಷ ಬದಲಿಸಿದಾಗ

ಮೊಬೈಲಿನಲ್ಲಿ ಆಡುವ ಆಟವೊಂದರ ಪಾತ್ರಧಾರಿಗೆ ಹೊಸ ಉಡುಪು ಬಂದಿತೆಂದರೆ, ಅದು ಒಂದು ಅಂಕಣಕ್ಕೆ ತಕ್ಕ ವಸ್ತುವೇ ಎಂದು ಹಿರಿಯ ವಾಚಕರು ಹುಬ್ಬೇರಿಸಬಹುದು. ಏರಿಸಲಿ. ಆದರೆ ಆ ಉಡುಪಿಗಾಗಿ ಮನೆಯ ಹಣ ಸದ್ದಿಲ್ಲದೆ ಹೊರಗೆ ಹರಿಯುತ್ತಿದೆ ಎಂದು ತಿಳಿದೊಡನೆ ಅದೇ ಹಿರಿಯರು ಕನ್ನಡಕವನ್ನು ಮೂಗಿಗೇರಿಸಿ ಕುಳಿತು ಓದುವುದರಲ್ಲಿ ಸಂದೇಹವಿಲ್ಲ. ಮಗನು 'ಈ ವೇಷ ಬಹಳ ಒಳ್ಳೆಯದು, ಇದೊಂದು ಬೇಕೇ ಬೇಕು' ಎಂದಾಗ, 'ಯಾವುದಕ್ಕೆ ಒಳ್ಳೆಯದು?' ಎಂದು ತಿರುಗಿ ಕೇಳಲು ತಂದೆಗೆ ತಿಳಿದಿದ್ದರೆ ಅರ್ಧ ಜಗಳ ಅಲ್ಲಿಯೇ ತೀರುತ್ತದೆ. ಆ ಪ್ರಶ್ನೆಗೆ ಉತ್ತರವಿದೆ. ಮಗನೂ ಅದನ್ನು ಆಲೋಚಿಸಿರಲಾರನು ಎಂಬುದೇ ಇದರ ಸ್ವಾರಸ್ಯ.

ಆಟದ ಹೆಸರು 'ಎಂಪೈರ್ಸ್ ಅಂಡ್ ಪಜಲ್ಸ್'. ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯಲ್ಲಿ 2013ರಲ್ಲಿ ಹುಟ್ಟಿದ 'ಸ್ಮಾಲ್ ಜಯಂಟ್ ಗೇಮ್ಸ್' ಎಂಬ ಪುಟ್ಟ ಕಂಪನಿ ಇದನ್ನು 2017ರಲ್ಲಿ ಹೊರತಂದಿತು. ಎರಡು ವರ್ಷ ತುಂಬುವ ಮುನ್ನವೇ, 2018ರ ಡಿಸೆಂಬರಿನಲ್ಲಿ, ಅಮೆರಿಕದ ಜಿಂಗಾ ಕಂಪನಿಯು ಅದರ ನೂರಕ್ಕೆ 80 ಪಾಲನ್ನು 56 ಕೋಟಿ ಡಾಲರುಗಳಿಗೆ ಕೊಳ್ಳುವುದಾಗಿ ಪ್ರಕಟಿಸಿತು. 2022ರಲ್ಲಿ ಆ ಜಿಂಗಾವನ್ನೇ ಟೇಕ್-ಟೂ ಎಂಬ ಇನ್ನೂ ದೊಡ್ಡ ಸಂಸ್ಥೆ ಕೊಂಡುಕೊಂಡಿತು. ಸಣ್ಣ ಮೀನು, ದೊಡ್ಡ ಮೀನು, ಅದಕ್ಕಿಂತ ದೊಡ್ಡ ಮೀನು! ಇಷ್ಟಾಗಿ ಆಟವನ್ನು ಮೊಬೈಲಿಗೆ ಇಳಿಸಿಕೊಳ್ಳಲು ಒಂದು ಕಾಸನ್ನೂ ಕೊಡಬೇಕಾಗಿಲ್ಲ. ಕಾಸಿಲ್ಲದ ಆಟಕ್ಕೆ ಕೋಟಿಗಟ್ಟಲೆ ಡಾಲರಿನ ಬೆಲೆ ಬಂದ ಬಗೆಯನ್ನು ಮುಂದೆ ನೋಡೋಣ. ಮೊದಲು ಆಟವನ್ನು ಅರಿಯಬೇಕು.

ಅಡ್ಡಕ್ಕೆ ಏಳು, ಉದ್ದಕ್ಕೆ ಐದು, ಹೀಗೆ 35 ಮನೆಗಳ ಹಲಗೆ. ಮನೆ ಮನೆಯಲ್ಲಿ ಕೆಂಪು, ಹಸುರು, ನೀಲಿ, ಹಳದಿ, ನೇರಿಳೆ ಬಣ್ಣದ ಬಿಲ್ಲೆಗಳು. ಒಂದೇ ಬಣ್ಣದ ಮೂರು ಬಿಲ್ಲೆಗಳನ್ನು ಸಾಲುಗೂಡಿಸಿದರೆ ಅವು ಸಿಡಿದು, ಮೇಲೆ ನಿಂತ ವೈರಿಗಳತ್ತ ಹಾರಿ ಬಡಿಯುತ್ತವೆ. ಹಲಗೆಯ ಕೆಳಗೆ ಆಡುವವನ ಐವರು ವೀರರು ಚಿತ್ರಪಟಗಳಂತೆ ಸಾಲಾಗಿ ನಿಂತಿರುತ್ತಾರೆ. ಪ್ರತಿಯೊಬ್ಬನಿಗೂ ಒಂದು ಬಣ್ಣ ಉಂಟು. ಕೆಂಪು ಹಸುರನ್ನು ಮಣಿಸುತ್ತದೆ, ಹಸುರು ನೀಲಿಯನ್ನು, ನೀಲಿ ಕೆಂಪನ್ನು. ಹಳದಿಗೂ ನೇರಿಳೆಗೂ ಮಾತ್ರ ಪರಸ್ಪರ ಹಾವು ಮುಂಗುಸಿಯ ನಂಟು. ಬೆಂಕಿ, ಕಾಡು, ಹಿಮ, ಬೆಳಕು, ಕತ್ತಲೆ ಎಂದು ಈ ಬಣ್ಣಗಳ ತತ್ತ್ವವನ್ನು ಊಹಿಸಿಕೊಳ್ಳಬಹುದು.

ವೀರನ ಬಣ್ಣದ ಬಿಲ್ಲೆ ಸಿಡಿದಂತೆಲ್ಲ ಅವನ ಪಾತ್ರೆಯಲ್ಲಿ ಒಂದು ಬಗೆಯ ಶಕ್ತಿ ತುಂಬುತ್ತ ಹೋಗುತ್ತದೆ. ಅದಕ್ಕೆ 'ಮನಾ' ಎಂದು ಹೆಸರು. ಪಾತ್ರೆ ತುಂಬಿದೊಡನೆ ಅವನ ವಿಶೇಷ ವಿದ್ಯೆ ಸಿದ್ಧವಾಗುತ್ತದೆ. ಒಬ್ಬನು ಒಂದೇ ಏಟಿಗೆ ಒಬ್ಬನನ್ನು ಕೆಡವುವವನು, ಇನ್ನೊಬ್ಬನು ಎಲ್ಲರಿಗೂ ಬೆಂಕಿ ಹಚ್ಚುವವನು, ಮತ್ತೊಬ್ಬನು ತನ್ನವರ ಗಾಯವನ್ನು ಮಾಯಿಸುವ ವೈದ್ಯ. ಹೆಸರುಗಳನ್ನೂ ನಾನಾ ಕಡೆಯಿಂದ ಆಯ್ದು ತಂದಿದ್ದಾರೆ. ಲಿಯೋನಿಡಾಸನು ಸ್ಪಾರ್ಟಾದ ದೊರೆಯ ಹೆಸರನ್ನು ಹೊತ್ತಿದ್ದಾನೆ. ಮ್ಯಾಗ್ನಿ ಎಂಬುದು ಉತ್ತರ ಯೂರೋಪಿನ ಪುರಾಣಗಳಲ್ಲಿ ಥೋರನ ಮಗನ ಹೆಸರು. ಪುರಾಣವನ್ನು ಓದದ ಹುಡುಗನಿಗೂ ಹೀಗೆ ಪುರಾಣದ ಹೆಸರುಗಳು ಬಾಯಿಪಾಠವಾಗುತ್ತವೆ. ಕಥೆ ಮಾತ್ರ ಗೊತ್ತಾಗುವುದಿಲ್ಲ!

2019ರಲ್ಲಿ ಈ ಆಟಕ್ಕೆ ವೇಷಗಳ ಕೊಠಡಿಯೊಂದು ಸೇರಿತು. ಹಳೆಯ ವೀರರಿಗೇ ಹೊಸ ವೇಷ. ಇಲ್ಲಿ ವೇಷವೆಂದರೆ ಬರಿಯ ಬಟ್ಟೆಯಲ್ಲ. ವೇಷ ತೊಟ್ಟವನ ವಿಶೇಷ ವಿದ್ಯೆಯೇ ಬದಲಾಗುತ್ತದೆ, ವರ್ಗ ಬದಲಾಗುತ್ತದೆ, ಬಲಾಬಲಗಳು ಹೆಚ್ಚು ಕಡಿಮೆಯಾಗುತ್ತವೆ. ಬಣ್ಣ ಮಾತ್ರ ಹಿಂದಿನದೇ ಉಳಿಯುತ್ತದೆ. ವಿರಾಟನ ನಗರಿಯನ್ನು ಬಲ್ಲ ಕನ್ನಡಿಗನಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ಅಲ್ಲಿ ಭೀಮನು ವಲಲನೆಂಬ ಬಾಣಸಿಗನಾದನು, ಅರ್ಜುನನು ಬೃಹನ್ನಳೆಯಾಗಿ ಉತ್ತರೆಗೆ ನಾಟ್ಯ ಕಲಿಸಿದನು. ಉಡುಪಿನೊಡನೆ ಉದ್ಯೋಗವೂ ಬದಲಾಯಿತು. ಆದರೆ ಗೋಗ್ರಹಣದ ದಿನ ವಿರಾಟನ ರಾಜ್ಯಕ್ಕೆ ಬೇಕಾದದ್ದು ನಾಟ್ಯಾಚಾರ್ಯನಲ್ಲ. ಬನ್ನಿಯ ಮರದಲ್ಲಿ ಬಚ್ಚಿಟ್ಟ ಗಾಂಡೀವವನ್ನು ಇಳಿಸಬಲ್ಲವನು. ವೇಷದ ಬೆಲೆಯನ್ನು ಕಟ್ಟುವಾಗ ಕೇಳಬೇಕಾದ ಪ್ರಶ್ನೆ ಇಲ್ಲಿಯೇ ಇದೆ. ಹೊಸ ವೇಷ ಏನನ್ನು ಕೊಟ್ಟಿತು ಎಂಬುದು ಅರ್ಧ ಪ್ರಶ್ನೆ. ಅದನ್ನು ತೊಡುವಾಗ ಮರದ ಮೇಲೆ ಬಿಟ್ಟು ಬಂದದ್ದೇನು ಎಂಬುದು ಉಳಿದರ್ಧ.

ಈ ಪರೀಕ್ಷೆಗೆ ರಿಗಾರ್ಡ್ ಎಂಬ ವೈದ್ಯನಿಗಿಂತ ಒಳ್ಳೆಯ ಉದಾಹರಣೆ ದೊರೆಯದು. ಇವನು ನೇರಿಳೆ ಬಣ್ಣದವನು. ಐದು ನಕ್ಷತ್ರಗಳ ಮಹಾರಥಿಯಲ್ಲ, ನಾಲ್ಕು ನಕ್ಷತ್ರಗಳ ಸಾಮಾನ್ಯ ಗೃಹಸ್ಥ. ಹೆಚ್ಚು ಖರ್ಚಿಲ್ಲದೆ ಆಡುವವರ ಮನೆಯಲ್ಲಿಯೂ ಇಂದಲ್ಲ ನಾಳೆ ಇವನು ಬಂದು ಸೇರುತ್ತಾನೆ. ತನ್ನ ಮೂಲ ಉಡುಪಿನಲ್ಲಿ ರಿಗಾರ್ಡನು ಎರಡು ಕೆಲಸಗಳನ್ನು ಮಾಡುತ್ತಾನೆ. ಮೊದಲನೆಯದಾಗಿ, ಸಂಗಡಿಗರೆಲ್ಲರ ಪ್ರಾಣಶಕ್ತಿಯಲ್ಲಿ ನೂರಕ್ಕೆ 42ರಷ್ಟನ್ನು ಒಮ್ಮೆಗೇ ಮರಳಿಸುತ್ತಾನೆ. ಎರಡನೆಯದಾಗಿ, ಅವರಿಗೆ ಅಂಟಿದ ಎಲ್ಲ ಪೀಡೆಗಳನ್ನೂ ತೊಳೆಯುತ್ತಾನೆ. ಹೊಸ ವೇಷದಲ್ಲಿ ಗಾಯ ಮಾಯಿಸುವ ಕೆಲಸ ಉಳಿಯುತ್ತದೆ; ಪೀಡೆ ತೊಳೆಯುವ ಕೆಲಸ ಹೋಗಿ, ಅದರ ಸ್ಥಾನದಲ್ಲಿ ಸಂಗಡಿಗರ ಆಕ್ರಮಣ ಶಕ್ತಿಯನ್ನು ಏರಿಸುವ ವಿದ್ಯೆ ಬರುತ್ತದೆ. ಅಂದರೆ ವೈದ್ಯನು ಅರ್ಧ ಸೇನಾಪತಿಯಾಗುತ್ತಾನೆ.

ಮೇಲುನೋಟಕ್ಕೆ ಇದು ಲಾಭದ ವ್ಯಾಪಾರವೆಂದು ತೋರುತ್ತದೆ. ತೊಳೆಯುವುದಕ್ಕಿಂತ ಹೊಡೆಯುವುದು ಯಾವಾಗಲೂ ಆಕರ್ಷಕ. ಹುಡುಗರಿಗಂತೂ ಹೇಳತಕ್ಕದ್ದೇ ಇಲ್ಲ. ಆದರೆ ಪೀಡೆಗಳೆಂದರೆ ಏನೆಂಬುದನ್ನು ನೋಡಬೇಕು. ವೈರಿಯ ಪಾಳೆಯದಲ್ಲಿ ಜೂನ್ ಎಂಬುವನಿದ್ದರೆ ಅವನ ಏಟು ತಗುಲಿದವನ ಕಣ್ಣು ಮಂಜಾಗಿ ಗುರಿ ತಪ್ಪುತ್ತದೆ. ಅಜ್ಲಾರನಿದ್ದರೆ ಎಲ್ಲರಿಗೂ ಬೆಂಕಿ ಹತ್ತಿಕೊಂಡು, ಸರದಿ ಸರದಿಗೂ ಉರಿಯುತ್ತಲೇ ಇರುತ್ತದೆ. ಗ್ರಿಮ್ ಬಂದು ಬಡಿದನೆಂದರೆ ಮೂವರ ಕವಚ ಸಡಿಲವಾಗಿ, ಮುಂದೆ ಬೀಳುವ ಸಣ್ಣ ಏಟೂ ದೊಡ್ಡದಾಗುತ್ತದೆ. ಎಲ್ಲಕ್ಕಿಂತ ಕೆಟ್ಟವನು ಪ್ರೋಟಿಯಸ್. ಅವನು ಮುಟ್ಟಿದವರ ಪಾತ್ರೆಗೆ ಮನಾ ತುಂಬುವುದೇ ನಿಂತುಹೋಗುತ್ತದೆ; ಬಿಲ್ಲೆಗಳನ್ನು ಎಷ್ಟು ಸಿಡಿಸಿದರೂ ತೂತು ಕೊಡದಲ್ಲಿ ನೀರು ಹೊಯ್ದಂತೆ. ಇಂತಹ ಹೊತ್ತಿನಲ್ಲಿ ಮೂಲ ಉಡುಪಿನ ರಿಗಾರ್ಡನು ತುಂಬಿದ ಪಾತ್ರೆಯೊಡನೆ ಕಾದು ನಿಂತಿದ್ದರೆ, ಒಂದೇ ಗಳಿಗೆಯಲ್ಲಿ ಕಣ್ಣಿನ ಮಂಜು, ಮೈಯ ಬೆಂಕಿ, ಮನಾದ ತಡೆ ಎಲ್ಲವೂ ಹೋಗಿ, ಮೇಲೆ ಗಾಯವೂ ಮಾಯುತ್ತದೆ. ಸೋತ ಆಟ ಗೆದ್ದ ಆಟವಾಗುತ್ತದೆ. ಆಕ್ರಮಣ ಶಕ್ತಿಯನ್ನು ಏರಿಸುವ ವಿದ್ಯೆ ಬೇರೆಯವರಲ್ಲಿಯೂ ಇದೆ. ಕೆಂಪು ಬಣ್ಣದ ಬೋಲ್ಡ್‌ಟಸ್ಕ್, ನೀಲಿಯ ಕಿರಿಲ್ ಇಬ್ಬರೂ ನಾಲ್ಕು ನಕ್ಷತ್ರದವರೇ, ಗಾಯವನ್ನೂ ಮಾಯಿಸುವವರೇ. ಹಾಗಿರುವಾಗ ಅವರು ಮಾಡಬಲ್ಲ ಕೆಲಸಕ್ಕಾಗಿ ತಾನೊಬ್ಬನೇ ಚೆನ್ನಾಗಿ ಮಾಡುತ್ತಿದ್ದ ಕೆಲಸವನ್ನು ಬಿಟ್ಟುಕೊಡುವುದು ಜಾಣತನವೆನ್ನಿಸದು.

ಹಾಗೆಂದು ಹೊಸ ವೇಷವನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿಯಬೇಕೆಂದಲ್ಲ. ಟೈಟನ್‌ಗಳ ಕಾಳಗದಲ್ಲಿ ಅದಕ್ಕೆ ತಕ್ಕ ಜಾಗವಿದೆ. ಮೂವತ್ತು ಮಂದಿಯವರೆಗೆ ಒಂದು ಕೂಟವಾಗಿ ಸೇರಿ, ಒಂದು ದೈತ್ಯ ಪ್ರಾಣಿಯನ್ನು ಸುಮಾರು ಒಂದು ದಿನದ ಅವಧಿಯೊಳಗೆ ಕೆಡವಬೇಕಾದ ಆಟವದು. ಅಲ್ಲಿ ಬದುಕಿ ಉಳಿಯುವುದಕ್ಕಿಂತ ಹೆಚ್ಚಾಗಿ, ಕೊಟ್ಟ ಸ್ವಲ್ಪ ಹೊತ್ತಿನಲ್ಲಿ ಎಷ್ಟು ಏಟು ಕೊಟ್ಟೆವು ಎಂಬುದೇ ಲೆಕ್ಕ. ದೈತ್ಯನು ಹಳದಿ ಬಣ್ಣದವನಾದರೆ ನೇರಿಳೆಯವರನ್ನೇ ಒಟ್ಟುಗೂಡಿಸುವುದು ವಾಡಿಕೆ. ಟಿಬರ್ಟಸನು ದೈತ್ಯನ ಕವಚವನ್ನು ಸಡಿಲಿಸುತ್ತಾನೆ, ವೇಷಧಾರಿ ರಿಗಾರ್ಡನು ತನ್ನವರ ತೋಳಿಗೆ ಬಲ ತುಂಬುತ್ತಾನೆ. ಸಿಡಿದ ಒಂದೊಂದು ನೇರಿಳೆ ಬಿಲ್ಲೆಯೂ ಎರಡು ಕಡೆಯಿಂದ ಹೆಚ್ಚಿದ ಭಾರದಿಂದ ಬಡಿಯುತ್ತದೆ. ನೇರಿಳೆಯವರ ಪಂಕ್ತಿಯಲ್ಲಿ ಬೋಲ್ಡ್‌ಟಸ್ಕನನ್ನು ನಿಲ್ಲಿಸಿದರೆ ಅವನ ಕೆಂಪು ಬಿಲ್ಲೆಗಳು ದಂಡವಾಗುತ್ತವೆ. ರಿಗಾರ್ಡನು ಅದೇ ಬಣ್ಣದವನಾದ್ದರಿಂದ ಬಿಲ್ಲೆಯೊಂದೂ ವ್ಯರ್ಥವಾಗದು. ಅಲ್ಲಿ ಹೊಸ ವೇಷಕ್ಕೆ ಪೂರ್ಣ ಅಂಕ ಕೊಡಬೇಕು.

ವರ್ಗದ ವಿಷಯ ಚಿಕ್ಕದು. ಈ ಆಟದಲ್ಲಿ ಪುರೋಹಿತ, ಮಾಂತ್ರಿಕ, ಬೇಟೆಗಾರ ಇತ್ಯಾದಿಯಾಗಿ ಹತ್ತು ವರ್ಗಗಳಿವೆ; ಕೆಲವು ಪರೀಕ್ಷೆಗಳಿಗೆ ಇಂತಿಂಥ ವರ್ಗದವರಿಗೆ ಮಾತ್ರ ಪ್ರವೇಶ. ವೇಷದಿಂದ ವರ್ಗ ಬದಲಾಗುವುದರಿಂದ ಒಬ್ಬನೇ ಎರಡು ಬಾಗಿಲುಗಳಲ್ಲಿ ಹೋಗಿಬರಬಹುದು. ಅನುಕೂಲವೇ ಸರಿ, ಇದಕ್ಕಾಗಿ ಯಾರೂ ನಿದ್ದೆಗೆಡಬೇಕಾಗಿಲ್ಲ.

ಇನ್ನು ಉಡುಪಿನ ಅಂದ. ಚಿತ್ರಕಾರರು ಕಸೂತಿ, ಕವಚ, ಕಿರೀಟಗಳನ್ನು ಎಷ್ಟೇ ನಯವಾಗಿ ಬಿಡಿಸಿದ್ದರೂ ಆಟ ನಡೆಯುವಾಗ ಆ ಚಿತ್ರ ಹಲಗೆಯ ಕೆಳಗೆ ಹೆಬ್ಬೆರಳಿನ ಅಗಲದಲ್ಲಿ ಕಾಣಿಸುವುದು. ಅಷ್ಟು ಚಿಕ್ಕ ಜಾಗದಲ್ಲಿ ಇವನು ಇಂಥವನೆಂದು ಒಂದೇ ನೋಟಕ್ಕೆ ಗುರುತು ಸಿಕ್ಕರೆ ಚಿತ್ರಕಾರನು ಗೆದ್ದನು. ಬಣ್ಣದ ವೇಷವನ್ನು ಚೌಕಿಯ ಹೊರಗೆ ದೂರದಿಂದ ನೋಡಿಯೇ ಯಾರೆಂದು ಹೇಳಬಲ್ಲ ಪ್ರೇಕ್ಷಕರಿಗೆ ಈ ಮಾತಿನ ತೂಕ ತಿಳಿಯುತ್ತದೆ. ದೊಡ್ಡದು ಮಾಡಿ ನೋಡಿದಾಗ ಮಾತ್ರ ಚೆಲುವಾಗಿರುವ ವೇಷ ಗೋಡೆಗೆ ತೂಗುಹಾಕುವ ಚಿತ್ರಕ್ಕೆ ಆದೀತು.

ಇಷ್ಟರವರೆಗೆ ಹೇಳಿದ್ದು ಕಣ್ಣಿಗೆ ಕಾಣುವ ಗುಣದೋಷ. ಆಟದ ಒಳಗುಟ್ಟು ಬೇರೊಂದಿದೆ. ವೇಷವನ್ನು ದೊರಕಿಸಿಕೊಂಡು, ಅದನ್ನೂ ಪ್ರತ್ಯೇಕವಾಗಿ ಸಾಕಿ ಬೆಳೆಸಿದರೆ, ಆ ವೀರನಿಗೆ ಒಂದು ಬಳುವಳಿ ಸಿಗುತ್ತದೆ: ಆಕ್ರಮಣ, ರಕ್ಷಣೆ, ಪ್ರಾಣಶಕ್ತಿ ಮೂರೂ ತುಸು ತುಸು ಏರುತ್ತವೆ, ಜೊತೆಗೆ ಮನಾ ತುಂಬುವ ವೇಗ ನೂರಕ್ಕೆ ಐದರಷ್ಟು ಹೆಚ್ಚುತ್ತದೆ. ಸ್ವಾರಸ್ಯವೇನೆಂದರೆ, ವೇಷವನ್ನು ಕಳಚಿ ಹಳೆಯ ಉಡುಪಿನಲ್ಲಿ ಹೋರಾಡಿದರೂ ಈ ಬಳುವಳಿ ಹೋಗುವುದಿಲ್ಲ. ಹೊಸ ಪಂಚೆ ಪೆಟ್ಟಿಗೆಯಲ್ಲಿದ್ದುದರಿಂದಲೇ ಹಳೆಯ ಪಂಚೆ ಗಟ್ಟಿಯಾದಂತೆ!

ನೂರಕ್ಕೆ ಐದು ಎಂದರೆ ಏನು ಮಹಾ ಎಂದು ತೋರಬಹುದು. ಲೆಕ್ಕ ಹಾಕಿ ನೋಡೋಣ. ರಿಗಾರ್ಡನು ಮಧ್ಯಮ ವೇಗದವನು. ಅವನ ಪಾತ್ರೆ ತುಂಬಲು 10 ನೇರಿಳೆ ಬಿಲ್ಲೆಗಳು ಬೇಕು. ಆದರೆ ಬಿಲ್ಲೆಗಳು ಸಿಡಿಯುವುದು ಸಾಮಾನ್ಯವಾಗಿ ಮೂರು ಮೂರರಂತೆ. ಮೂರು ಬಾರಿ ಸಿಡಿಸಿದರೆ 9. ಪಾತ್ರೆ ತುಂಬಿಲ್ಲ, ಒಂದೇ ಬಿಲ್ಲೆ ಕಡಿಮೆ. ಆ ಒಂದಕ್ಕಾಗಿ ನಾಲ್ಕನೆಯ ಬಾರಿ ಆಡಬೇಕು. ಆ ನಡುವೆ ವೈರಿಗಳಿಗೊಂದು ಸರದಿ ಹೆಚ್ಚು ಸಿಕ್ಕಿ, ಗಾಯಗೊಂಡವನೊಬ್ಬನು ಸತ್ತೇ ಹೋಗಿರುತ್ತಾನೆ. ವೈದ್ಯನು ಬರುವುದರೊಳಗೆ ರೋಗಿ ತೀರಿಕೊಂಡ ಹಳೆಯ ಕಥೆ. ಹತ್ತರ ಕೆಲಸ ಒಂಬತ್ತರಲ್ಲಿ ಆಗಬೇಕಾದರೆ ವೇಗವು ನೂರಕ್ಕೆ 11ಕ್ಕಿಂತ ತುಸು ಹೆಚ್ಚು ಏರಬೇಕು. ವೇಷದ ಐದು ಒಂದೇ ಸಾಲದು. ಆದರೆ ವೀರನ ಹಿಂದೆ ನಿಲ್ಲಿಸುವ ಕಾಲಾಳುಗಳ ಪಡೆಯಿಂದಲೂ ಮನಾಕ್ಕೆ ಕೊಂಚ ವೇಗ ಸಿಗುತ್ತದೆ. ವೇಷವಿಲ್ಲದವನು 11ನ್ನೂ ಮಿಕ್ಕ ಆ ಪೂರ್ತಿ ಏರಿಕೆಯನ್ನು ಪಡೆಯಿಂದಲೇ ಗಳಿಸಬೇಕು. ಅದಕ್ಕೆ ಪಡೆಯನ್ನು ಬಹುಕಾಲ ಸಾಕಬೇಕು. ವೇಷವುಳ್ಳವನಿಗೆ ಉಳಿದ ಆರು ಚಿಲ್ಲರೆ ಸಾಕು; ಅದು ಬೇಗನೆ ಕೈಗೂಡುತ್ತದೆ. ಹೀಗೆ ನಾಲ್ಕು ಆಟ ಮೂರಾಗುತ್ತದೆ. ಈ ವೇಷದ ನಿಜವಾದ ಬೆಲೆ ಇರುವುದು ಇಲ್ಲಿ; ಹೊಸ ವಿದ್ಯೆಯಲ್ಲಿಯೂ ಅಲ್ಲ, ಹೊಸ ಬಟ್ಟೆಯಲ್ಲಿಯೂ ಅಲ್ಲ.

ಆಟವನ್ನು ಕಟ್ಟಿದವರ ಮೇಲೆ ಒಂದು ಆಕ್ಷೇಪಣೆಯನ್ನು ಎತ್ತಬೇಕಾಗಿರುವುದೂ ಇಲ್ಲಿಯೇ. ಒಬ್ಬ ವೀರನಿಗೆ ಎರಡು ಪಾತ್ರಗಳನ್ನು ಕೊಟ್ಟು, ಯಾವ ದಿನ ಯಾವುದನ್ನು ತೊಡಬೇಕೆಂದು ಆಡುವವನನ್ನೇ ಆಲೋಚಿಸಲು ಬಿಡುವುದು ಒಳ್ಳೆಯ ಕಲ್ಪನೆ. ಅದರಲ್ಲಿ ಬುದ್ಧಿಗೆ ಕೆಲಸವಿದೆ. ಆದರೆ ವೇಷವಿಲ್ಲದ ರಿಗಾರ್ಡನು ವೇಷವುಳ್ಳ ರಿಗಾರ್ಡನೆದುರು ಹುಟ್ಟಿನಿಂದಲೇ ಒಂದು ಹೆಜ್ಜೆ ಹಿಂದೆ ಎಂದಾದಾಗ ಆಯ್ಕೆಗೆ ಎಡೆಯಿಲ್ಲ, ವೇಷವು ಕಂದಾಯವಾಗುತ್ತದೆ. ಮುಂದೆ ಕೆಲವರಿಗೆ ಎರಡನೆಯ ವೇಷ ಬಂದಿತು, ಮೂರನೆಯದೂ ಬಂದಿತು. ಹೊಸದು ಬಂದಂತೆಲ್ಲ ಹಳೆಯದನ್ನು ಉಳ್ಳವನು ಹಿಂದುಳಿದವನಾದನು.

ಕಂದಾಯವನ್ನು ವಸೂಲು ಮಾಡುವ ರೀತಿಯನ್ನೂ ನೋಡಬೇಕು. ವೇಷಕ್ಕೆ ಅಂಗಡಿಯ ಬೆಲೆಪಟ್ಟಿ ಇಲ್ಲ. ಕೊಠಡಿಗೆ ಬೀಗದ ಕೈ ಬೇಕು; ಕೆಲವು ಕೈಗಳು ಆಡಿದವರಿಗೆ ಬಹುಮಾನವಾಗಿ ಸಿಗುತ್ತವೆ, ಉಳಿದವಕ್ಕೆ ರತ್ನಗಳನ್ನು ತೆರಬೇಕು, ರತ್ನಗಳಿಗೆ ನಿಜವಾದ ಹಣ. ಕೈ ತಿರುಗಿಸಿದಾಗ ಯಾರ ವೇಷ ಹೊರಬರುವುದೆಂಬುದು ಅದೃಷ್ಟದ ಮಾತು. ಬೇಕಾದ ವೇಷವೊಂದು ನೂರರಲ್ಲಿ ಒಂದು ಬಾರಿ ಬರುವಂಥದು ಎಂದಿಟ್ಟುಕೊಳ್ಳೋಣ. ನೂರು ಸಲ ತಿರುಗಿಸಿದರೆ ಬಂದೇ ತೀರುವುದೆಂದು ಹುಡುಗನು ನಂಬುತ್ತಾನೆ, ದೊಡ್ಡವರೂ ನಂಬುತ್ತಾರೆ. ಗಣಿತ ಹಾಗೆನ್ನುವುದಿಲ್ಲ. ನೂರು ಮಂದಿ ತಲಾ ನೂರು ಸಲ ತಿರುಗಿಸಿದರೆ ಅವರಲ್ಲಿ ಸುಮಾರು 37 ಮಂದಿ ಬರಿಗೈಯಲ್ಲಿ ಮರಳುತ್ತಾರೆ. ತಲಾ ಮುನ್ನೂರು ಸಲ ತಿರುಗಿಸಿದರೂ ಐದು ಮಂದಿಗೆ ಅದು ಸಿಕ್ಕಿರುವುದಿಲ್ಲ. ಆ ಐವರಲ್ಲಿ ತನ್ನ ಮಗನೊಬ್ಬನಿದ್ದರೆ ತಂದೆಯ ಸಂಬಳದ ಗತಿಯೇನು?

ಈ ಬಗೆಯ ವ್ಯಾಪಾರದ ಮೇಲೆ ಸರಕಾರಗಳ ಕಣ್ಣು ಬೀಳದೆ ಇಲ್ಲ. ಕಾಸು ಹಾಕಿ ಹಿಡಿ ತಿರುಗಿಸಿದರೆ ಗುಂಡಿನೊಳಗಿನ ಗೊಂಬೆ ಉದುರುವ ಯಂತ್ರಗಳು ಜಪಾನಿನಲ್ಲಿ ಹಳೆಯವು; ಮೊಬೈಲ್ ಆಟಗಳ ಈ ಪದ್ಧತಿಗೆ 'ಗಾಚಾ' ಎಂಬ ಹೆಸರು ಬಂದದ್ದು ಅವುಗಳಿಂದಲೇ. ಅದೃಷ್ಟದಿಂದ ಬಂದ ವಸ್ತುಗಳ ಒಂದು ಕಂತೆಯನ್ನು ಪೂರ್ತಿ ಸೇರಿಸಿದವನಿಗೆ ಮಾತ್ರ ದೊಡ್ಡ ಬಹುಮಾನ ಕೊಡುವ ಕ್ರಮವನ್ನು ಜಪಾನಿನ ಗ್ರಾಹಕ ಇಲಾಖೆ 2012ರಲ್ಲಿ ಕಾನೂನಿಗೆ ವಿರುದ್ಧವೆಂದು ಸಾರಿತು. 2017ರ ಡಿಸೆಂಬರಿನಿಂದ ಆಪಲ್ ಕಂಪನಿಯು, ತನ್ನ ಅಂಗಡಿಯಲ್ಲಿ ದೊರೆಯುವ ಇಂಥ ಆಟಗಳೆಲ್ಲ ಯಾವ ವಸ್ತು ಎಷ್ಟರಲ್ಲೊಂದು ಬಾರಿ ಬರುವುದೆಂಬುದನ್ನು, ಕೊಳ್ಳುವ ಮೊದಲೇ ತಿಳಿಸಬೇಕೆಂದು ಕಟ್ಟುಮಾಡಿತು. 2018ರಲ್ಲಿ ಬೆಲ್ಜಿಯಮ್ಮಿನ ಜೂಜು ನಿಯಂತ್ರಣ ಮಂಡಲಿ ಕೆಲವು ಪ್ರಸಿದ್ಧ ಆಟಗಳ ಅದೃಷ್ಟದ ಪೆಟ್ಟಿಗೆಗಳನ್ನು ಜೂಜೆಂದೇ ತೀರ್ಮಾನಿಸಿತು. ನೆದರ್ಲೆಂಡ್ಸಿನಲ್ಲಿ ಮಾತ್ರ ಅಂತಹುದೇ ವ್ಯಾಜ್ಯದಲ್ಲಿ 2022ರಲ್ಲಿ ತೀರ್ಪು ಕಂಪನಿಯ ಪರವಾಗಿ ಬಂದಿತು. ಒಂದು ದೇಶಕ್ಕೆ ಜೂಜಾದದ್ದು ಗಡಿಯಾಚೆಯ ದೇಶಕ್ಕೆ ಆಟ. ದೇಶಗಳೇ ಒಮ್ಮತಕ್ಕೆ ಬಾರದಿರುವಲ್ಲಿ ಹನ್ನೆರಡು ವರ್ಷದ ಹುಡುಗನು ಭೇದವನ್ನು ಅರಿಯಬೇಕೆಂದು ಅಪೇಕ್ಷಿಸುವುದು ಹೇಗೆ?

ಆಪಲ್ಲಿನ ಕಟ್ಟುಪಾಡಿನಿಂದ ಗೃಹಸ್ಥರಿಗೆ ಒಂದು ಉಪಕಾರವಂತೂ ಆಗಿದೆ. ಕೊಠಡಿಯ ಬಾಗಿಲಲ್ಲಿಯೇ, ಚಿಕ್ಕ ಅಕ್ಷರಗಳ ಒಂದು ಗುರುತನ್ನು ಒತ್ತಿದರೆ, ಸಂಭವದ ಪಟ್ಟಿ ತೆರೆದುಕೊಳ್ಳುತ್ತದೆ. ಅದನ್ನು ಮಗನ ಕೈಯಿಂದಲೇ ತೆಗೆಸಿ, ಮಗನಿಂದಲೇ ಗಟ್ಟಿಯಾಗಿ ಓದಿಸಬೇಕು. ಮೇಲಿನ ಲೆಕ್ಕವನ್ನು ಆ ಸಂಖ್ಯೆಯಿಂದ ಅವನೇ ಕಾಗದದ ಮೇಲೆ ಮಾಡಲಿ. ಬಯ್ಗುಳಕ್ಕಿಂತ ಅದು ಹೆಚ್ಚು ನಾಟುತ್ತದೆ. ಶಾಲೆಯ ಗಣಿತಕ್ಕೂ ಅಭ್ಯಾಸವಾಯಿತು.

ರಿಗಾರ್ಡನ ಮಾತಿಗೆ ಬಂದರೆ ತೀರ್ಮಾನ ಹೀಗೆ. ಅವನ ವೇಷ ಬಹುಮಾನದ ಕೈಯಿಂದ ತಾನಾಗಿ ಬಂದರೆ ಬಿಡಬಾರದು. ಶಿಬಿರದಲ್ಲಿ ತರಬೇತಾಗಿ ಬರುವ ಸಣ್ಣ ವೀರರನ್ನು ತಿಂಗಳೊಪ್ಪತ್ತು ಅವನಿಗೇ ಮೀಸಲಿಟ್ಟಾದರೂ ಅದನ್ನು ಕೊನೆಯವರೆಗೆ ಬೆಳೆಸುವುದು ಲೇಸು, ಏಕೆಂದರೆ ನಾಲ್ಕು ಆಟವನ್ನು ಮೂರಾಗಿಸುವ ಬಳುವಳಿ ಅವನಷ್ಟು ಯಾರಿಗೂ ಉಪಯೋಗಕ್ಕೆ ಬಾರದು. ಬೆಳೆಸಿದ ಮೇಲೆ ಇತರರ ಕೋಟೆಗಳಿಗೆ ದಾಳಿಗೆ ಹೋಗುವಾಗ ಹಳೆಯ ಉಡುಪನ್ನೇ ತೊಡಿಸಬೇಕು. ಹಳದಿ ದೈತ್ಯನು ಬಂದ ದಿನ ಹೊಸದನ್ನು. ಆದರೆ ಅದಕ್ಕಾಗಿ ರತ್ನಗಳನ್ನು ಕೊಳ್ಳುವುದು ಬೇಡ. ಐದು ನಕ್ಷತ್ರದವರ ವೇಷಗಳಿಗೂ ಇದೇ ಪರೀಕ್ಷೆಯನ್ನು ಒಡ್ಡಬಹುದು: ಹೊಸ ವಿದ್ಯೆ ಬಳಗದಲ್ಲಿ ಬೇರೆ ಯಾರಿಗಾದರೂ ಇದೆಯೇ, ಬಿಟ್ಟುಹೋಗುವ ವಿದ್ಯೆ ಬೇರೆ ಯಾರಿಗಾದರೂ ಇದೆಯೇ, ಪಾತ್ರೆ ತುಂಬಲು ಬೇಕಾದ ಬಿಲ್ಲೆಗಳ ಸಂಖ್ಯೆ ಮೂರರ ಲೆಕ್ಕಕ್ಕೆ ಕೂಡುತ್ತದೆಯೇ ಎಂದು. ಎಂಟು ಬಿಲ್ಲೆಯ ಶೀಘ್ರಗಾಮಿಗಳಿಗೆ ಈ ಐದರಿಂದ ಅಷ್ಟೊಂದು ಲಾಭವಿಲ್ಲ. ಎಂಟನ್ನು ಏಳಕ್ಕೆ ಇಳಿಸಿದರೂ ಮೂರು ಬಾರಿ ಸಿಡಿಸುವುದು ತಪ್ಪುವುದಿಲ್ಲ. ಹತ್ತು ಬಿಲ್ಲೆಯ ಮಧ್ಯಮರಿಗೇ ವೇಷದ ಪೂರ್ಣ ಫಲ. ಅವರ ಸಾಲಿನಲ್ಲಿ ಬೇರೆ ಯಾರು ಯಾರಿದ್ದಾರೆಂಬುದನ್ನು ಮಕ್ಕಳು ಬೆರಳೆಣಿಸಿ ಹೇಳಬಲ್ಲರು.